ಮರುಭೂಮಿಯ ಮಹಾತಪಸ್ವಿ ಸಂತ ಅಂತೋಣಿಯವರು

ಈಜಿಪ್ಟ್ ದೇಶದ ಪೂರ್ವ ಮರುಭೂಮಿಯಲ್ಲಿ, ಕೆಂಪು ಸಮುದ್ರಕ್ಕೆ ಅನತಿದೂರದ ಪರ್ವತವೊಂದರ ಬುಡದಲ್ಲಿ, ಕಾಪ್ಟಿಕ್ ಆರ್ಥೊಡಾಕ್ಸ್ ಸಭೆಗೆ ಸೇರಿದ ಪುರಾತನ ಮಠವೊಂದಿದೆ. ಅಲ್ಲಿನ ಹಳೆಯ ದೇವಾಲಯದ ಗೋಡೆಗಳ ಮೇಲೆ ತಿಯೋಡೋರ್ ಎಂಬ ಕಲಾವಿದನೂ ಅವನ ಸಂಗಡಿಗರೂ 1232-33ರಲ್ಲಿ ಬರೆದ ವರ್ಣಚಿತ್ರಗಳಿವೆ. ವಿರಕ್ತರ ಸಾಲಿನಲ್ಲಿ ಗಡ್ಡಧಾರಿಯಾದ ವೃದ್ಧರೊಬ್ಬರು ಥೇಬೆಯ ಸಂತ ಪೌಲರ ಪಕ್ಕದಲ್ಲಿ ನಿಂತಿದ್ದಾರೆ. ಮಠವು ಹೆಸರು ಪಡೆದ ಸಂತ ಅಂತೋಣಿಯವರು ಇವರೇ. ಶತಮಾನಗಳ ಹೊಗೆ, ಮಸಿಗಳು ಮುಚ್ಚಿದ್ದ ಈ ಚಿತ್ರಗಳನ್ನು 1996ರಿಂದ 1999ರವರೆಗೆ ಇಟಲಿಯ ಪರಿಣತರು ಶುದ್ಧಗೊಳಿಸಿ ಮತ್ತೆ ಬೆಳಕಿಗೆ ತಂದರು. ತಮ್ಮ ಸಮಾಧಿಯ ಗುರುತೂ ಉಳಿಯಬಾರದೆಂದು ಬಯಸಿದ ಮಹಾಪುರುಷರ ರೂಪ ಹೀಗೆ ಗೋಡೆಯ ಮೇಲೆ ನಿಂತಿರುವುದು ಸೋಜಿಗವೇ ಸರಿ.

ಅವರು ಹುಟ್ಟಿದ್ದು ಕ್ರಿ.ಶ. 251ರ ಸುಮಾರಿಗೆ, ಸಿರಿವಂತ ಕ್ರೈಸ್ತ ಕುಟುಂಬದಲ್ಲಿ. ಇಪ್ಪತ್ತು ತುಂಬುವ ಹೊತ್ತಿಗೆ ತಂದೆತಾಯಿ ಇಬ್ಬರೂ ಗತಿಸಿ, ಪುಟ್ಟ ತಂಗಿಯೊಬ್ಬಳ ಹೊಣೆ ಅವರ ಮೇಲೆ ಬಿತ್ತು. ಒಂದು ದಿನ ದೇವಾಲಯದಲ್ಲಿ ಶುಭಸಂದೇಶದ ವಾಚನ ನಡೆದಿತ್ತು. ಪರಿಪೂರ್ಣನಾಗಬೇಕಾದರೆ ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡಬೇಕೆಂದು ಯೇಸುಸ್ವಾಮಿ ಆ ಧನಿಕ ಯುವಕನಿಗೆ ಹೇಳಿದ ಮಾತು ತಮಗೇ ಹೇಳಿದ್ದೆಂದು ಅಂತೋಣಿಯವರು ತಿಳಿದರು. ಸುಮಾರು 200 ಎಕರೆಯಷ್ಟು ಫಲವತ್ತಾದ ಪಿತ್ರಾರ್ಜಿತ ಭೂಮಿಯನ್ನು ಊರವರಿಗೆ ಕೊಟ್ಟರು. ಉಳಿದುದನ್ನು ಮಾರಿ ಬಡವರಿಗೆ ಹಂಚಿದರು. ತಂಗಿಯನ್ನು ಭಕ್ತ ಕನ್ಯೆಯರ ಆಶ್ರಯದಲ್ಲಿ ಬಿಟ್ಟರು. ಇದು ನಿಷ್ಠುರವಲ್ಲವೇ ಎಂದು ಓದುಗರಿಗೆ ತೋರಬಹುದು. ಆದರೆ ಮುಂದೆ ಆ ತಂಗಿಯೂ ಅನೇಕ ಕನ್ಯೆಯರಿಗೆ ಮಾರ್ಗದರ್ಶಿಯಾದಳು. ವೃದ್ಧಾಪ್ಯದಲ್ಲಿ ಅವಳನ್ನು ಕಂಡು ಅಣ್ಣ ಹರ್ಷಿಸಿದರು.

ಮೊದಲು ಊರ ಅಂಚಿನಲ್ಲಿ, ಬಳಿಕ ಗೋರಿಯೊಂದರಲ್ಲಿ, ಕೊನೆಗೆ ನೈಲ್ ನದಿಯಾಚೆ ಪಾಳುಬಿದ್ದ ಕೋಟೆಯಲ್ಲಿ ತಪೋಜೀವನ ನಡೆಯಿತು. ಪಿಶಾಚಿಗಳ ಶೋಧನೆಗಳನ್ನು ಚಿತ್ರಕಾರರೆಲ್ಲ ಬಣ್ಣಬಣ್ಣವಾಗಿ ಬರೆದಿದ್ದಾರೆ, ಅದನ್ನಿಲ್ಲಿ ವಿಸ್ತರಿಸುವುದಿಲ್ಲ. ಕೋಟೆಯಲ್ಲಿ ಇಪ್ಪತ್ತು ವರ್ಷ ಒಂಟಿಯಾಗಿದ್ದರು. ಆರು ತಿಂಗಳಿಗೊಮ್ಮೆ ರೊಟ್ಟಿ ಬರುತ್ತಿತ್ತು. ಕೊನೆಗೆ ಜನರು ಬಾಗಿಲನ್ನೇ ಮುರಿದು ಒಳಹೊಕ್ಕಾಗ, ಕೃಶವಾಗದ ದೇಹ, ಪ್ರಸನ್ನವಾದ ಮನಸ್ಸಿನ ಅಂತೋಣಿಯವರು ಹೊರಬಂದರು. ಅವರನ್ನು ಅನುಸರಿಸಿ ಬಂದವರಿಂದ ಮರುಭೂಮಿಯಲ್ಲಿ ತಪಸ್ವಿಗಳ ನೆಲೆಗಳು ತುಂಬಿದವು.

ಏಕಾಂತವನ್ನು ಪ್ರೀತಿಸಿದ ಇವರು ಧರ್ಮಸಭೆಗೆ ಸಂಕಟ ಒದಗಿದಾಗ ಗವಿಯೊಳಗೆ ಅವಿತು ಕೂರಲಿಲ್ಲ. 311ರಲ್ಲಿ ಮ್ಯಾಕ್ಸಿಮಿನ್ ಚಕ್ರವರ್ತಿಯ ಹಿಂಸೆ ಭುಗಿಲೆದ್ದಾಗ ಅಲೆಕ್ಸಾಂಡ್ರಿಯಾ ನಗರಕ್ಕೆ ಬಂದು ಸೆರೆಮನೆ, ಗಣಿಗಳಲ್ಲಿದ್ದ ಕ್ರೈಸ್ತರ ಸೇವೆ ಮಾಡಿದರು. ಸನ್ಯಾಸಿಗಳೆಲ್ಲ ಊರು ಬಿಡಬೇಕೆಂದು ಅಧಿಕಾರಿ ಅಪ್ಪಣೆ ಮಾಡಿದಾಗ ಇತರರು ಮರೆಯಾದರು. ಅಂತೋಣಿಯವರಾದರೋ ಮೇಲಂಗಿಯನ್ನು ಒಗೆದು ಬೆಳ್ಳಗೆ ಮಾಡಿ ತೊಟ್ಟು, ಮರುದಿನ ಅಧಿಕಾರಿಯ ಕಣ್ಣಿಗೆ ಬೀಳುವಂತೆ ಎತ್ತರದ ಜಾಗದಲ್ಲಿ ನಿಂತರು. ರಕ್ತಸಾಕ್ಷಿಯ ಕಿರೀಟ ಅವರಿಗೆ ದೊರೆಯಲಿಲ್ಲ. ಮತ್ತೆ 338ರಲ್ಲಿ, ಎಂಬತ್ತು ದಾಟಿದ ಮುದುಕರು ಅದೇ ನಗರಕ್ಕೆ ಬಂದು, ಪ್ರಭು ಕ್ರಿಸ್ತರ ದೈವತ್ವವನ್ನು ಅಲ್ಲಗಳೆದ ಆರಿಯಸನ ಪಂಥವನ್ನು ಬಹಿರಂಗವಾಗಿ ಖಂಡಿಸಿದರು. ಗ್ರೀಕ್ ಭಾಷೆ ಬಾರದ ಅವರಿಗೆ ಕಾನ್‌ಸ್ಟಂಟೈನ್ ಚಕ್ರವರ್ತಿ ಪತ್ರ ಬರೆದನೆಂದರೆ ಅವರ ಕೀರ್ತಿಯನ್ನು ಊಹಿಸಬಹುದು. ನ್ಯಾಯವನ್ನೂ ಬಡವರನ್ನೂ ಮರೆಯಬಾರದೆಂದು ಅವರು ಉತ್ತರ ಕಳುಹಿಸಿದರು.

ಕಡೆಗಾಲವನ್ನು ಈಗಿನ ಮಠದ ಮೇಲ್ಗಡೆಯ ಪರ್ವತದಲ್ಲಿ ಕಳೆದರು. ತಮ್ಮಿಂದ ಯಾರಿಗೂ ಹೊರೆಯಾಗಬಾರದೆಂದು ಧಾನ್ಯ ಬಿತ್ತಿ, ಬಂದವರಿಗಾಗಿ ತರಕಾರಿ ಬೆಳೆದರು. 356ರಲ್ಲಿ, 105ನೆಯ ವಯಸ್ಸಿನಲ್ಲಿ, ಒಂದು ಕುರಿಚರ್ಮವನ್ನೂ ಹಳೆಯ ಮೇಲುಹೊದಿಕೆಯನ್ನೂ ಸಂತ ಅಥನಾಸಿಯುಸರಿಗೆ ಬಿಟ್ಟು ದೈವಾಧೀನರಾದರು. ಪುಣ್ಯವಂತರ ದೇಹವನ್ನು ಮನೆಯಲ್ಲಿಟ್ಟು ಗೌರವಿಸುವ ಆ ದೇಶದ ಪದ್ಧತಿ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಆದುದರಿಂದ ಶಿಷ್ಯರಿಬ್ಬರು ಗುಟ್ಟಾಗಿ ಹೂಳಿದರು.

ಅಥನಾಸಿಯುಸರು ಬರೆದ ಚರಿತ್ರೆಯಿಂದ ಅವರ ಹೆಸರು ಪಶ್ಚಿಮಕ್ಕೂ ಹಬ್ಬಿತು. 386ರಲ್ಲಿ ಮಿಲಾನಿನಲ್ಲಿ ಅವರ ಕಥೆಯನ್ನು ಕೇಳಿದ ಸಂತ ಅಗಸ್ಟೀನರ ಹೃದಯ ಕಲಕಿತು. 451ರ ಬಳಿಕ ಈಜಿಪ್ಟಿನ ಸಭೆ ಬೇರೆಯಾದರೂ ಅಂತೋಣಿಯವರು ಎರಡು ಸಭೆಗಳಿಗೂ ಪಿತೃವಾಗಿಯೇ ಉಳಿದರು. ನಮ್ಮ ಪಂಚಾಂಗದಲ್ಲಿ ಜನವರಿ 17 ಅವರ ಸ್ಮರಣೆಯ ದಿನ. 1220ರಲ್ಲಿ ಪೋರ್ಚುಗಲ್ಲಿನ ಕೊಯಿಂಬ್ರಾ ಬಳಿ, ಇವರ ನಾಮದ ಪುಟ್ಟ ಆಶ್ರಮದಲ್ಲಿ ಫರ್ನಾಂದೊ ಎಂಬ ತರುಣ ಗುರು ಫ್ರಾನ್ಸಿಸ್ಕನ್ ಸಭೆಯನ್ನು ಸೇರಿ, ತಮ್ಮ ಹೆಸರನ್ನು ಅಂತೋಣಿ ಎಂದು ಬದಲಿಸಿಕೊಂಡರು. ಅವರೇ ಪದುವಾದ ಸಂತ ಅಂತೋಣಿಯವರು. ಡೋರ್ನಹಳ್ಳಿಯ ಪುಣ್ಯಕ್ಷೇತ್ರದಲ್ಲಿ ಭಕ್ತರು ಕರೆಯುವ ಹೆಸರು ಹೀಗೆ ಆ ಮರಳುಗಾಡಿನಿಂದಲೇ ಬಂದುದು.