ಥೇಮ್ಸ್ ನದಿಯಲ್ಲಿ ಕರೆಂಟು ಹುಡುಕಿದ ಫ್ಯಾರಡೆ

ಫ್ಯಾರಡೆ ಅಂದ್ರೆ ನಮಗೆ ಕಾಯಿಲ್ಲು, ಮ್ಯಾಗ್ನೆಟ್ಟು. ನದಿ ನೆನಪಾಗೋದೇ ಇಲ್ಲ. 1791ರಲ್ಲಿ ಕಮ್ಮಾರನ ಮಗನಾಗಿ ಹುಟ್ಟಿದ ಅವರು ಲಂಡನ್ನಿನಲ್ಲಿ ಪುಸ್ತಕ ಬೈಂಡ್ ಮಾಡುತ್ತಲೇ ಓದಿ ವಿಜ್ಞಾನ ಕಲಿತರು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ ಕಂಡುಹಿಡಿದರು. ಭೂಮಿಯೇ ಅಯಸ್ಕಾಂತ, ನೀರು ವಾಹಕ. ಹಾಗಾದ್ರೆ ಹರಿಯೋ ನದಿಯಲ್ಲೂ ಕರೆಂಟು ಹುಟ್ಟಬೇಕಲ್ಲ?

1832ರ ಜನವರಿ. ವಾಟರ್‌ಲೂ ಸೇತುವೆ ಮೇಲೆ 960 ಅಡಿ ತಾಮ್ರದ ತಂತಿ ಎಳೆದು, ತುದಿಗಳಿಗೆ ಲೋಹದ ತಗಡು ಕಟ್ಟಿ ಥೇಮ್ಸ್‌ಗೆ ಇಳಿಬಿಟ್ಟರು. ಮೂರು ದಿನ ನೋಡಿದರು. ಗ್ಯಾಲ್ವನೋಮೀಟರಿನ ಮುಳ್ಳೇನೋ ಅಲುಗಿತು. ಬೇರೆಯವರಾಗಿದ್ದರೆ ಗೆದ್ದೆವು ಅಂತ ಸಾರಿಬಿಡುತ್ತಿದ್ದರೇನೋ! ಇವರು ಮಾತ್ರ ಅದು ಹರಿವಿನಿಂದ ಬಂದದ್ದಲ್ಲ, ತಗಡುಗಳ ಮತ್ತು ನೀರಿನ ವ್ಯತ್ಯಾಸದಿಂದ ಬಂದದ್ದೆಂದು ತಿಳಿದು, ಹಾಗೆಯೇ ಪ್ರಕಟಿಸಿದರು.

ಅವರು ಹುಡುಕಿದ ಪರಿಣಾಮದಿಂದಲೇ ಇಂದಿನ ಮ್ಯಾಗ್ನೆಟಿಕ್ ಫ್ಲೋ ಮೀಟರ್ ಪೈಪಿನ ನೀರು ಅಳೆಯುತ್ತದೆ. ಬೇಡವೆಂದು ಬಿಟ್ಟ ಲೋಹ-ನೀರಿನ ಕರೆಂಟಿನಿಂದಲೇ, ಬ್ಯಾಟರಿ ಇಲ್ಲದ ಕೆಲವು ಸೆನ್ಸರ್‌ಗಳು ನೀರು ಸೋರಿದ ಕೂಡಲೇ ಎಚ್ಚರಗೊಳ್ಳುತ್ತವೆ.