ಶರಣ ಹರಳಯ್ಯ

ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಹರಳಯ್ಯನ ಗವಿಯೆಂದು ಜನರು ಭಕ್ತಿಯಿಂದ ತೋರಿಸುವ ತಾಣವೊಂದಿದೆ. ಎಂಟುನೂರು ವರ್ಷಗಳಿಗೂ ಹಿಂದೆ ಈ ಊರು ಕಲ್ಯಾಣವೆಂಬ ಹೆಸರಿನ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಅರಸರ ಬಿರುದುಗಳನ್ನು ಶಿಲಾಶಾಸನಗಳು ಸಾಲುಸಾಲಾಗಿ ಹೊಗಳಿವೆ. ಅದೇ ಊರಿನಲ್ಲಿ ಪಾದರಕ್ಷೆ ಹೊಲಿದು ಬಾಳಿದ ಹರಳಯ್ಯನಿಗಾಗಿ ಯಾವ ಅರಸನೂ ಶಾಸನ ಹಾಕಿಸಲಿಲ್ಲ. ಅವನನ್ನು ನಮಗೆ ಉಳಿಸಿಕೊಟ್ಟವರು ಕವಿಗಳು.

ಹರಳಯ್ಯನು ಸಮಗಾರ ಕುಲದವನು. ಅವನ ಸತಿ ಕಲ್ಯಾಣಮ್ಮ. ಕಲಚುರಿ ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣನವರು ಒಮ್ಮೆ ದಾರಿಯಲ್ಲಿ ಎದುರಾದರಂತೆ. ಹರಳಯ್ಯನು ಒಂದು ಸಲ ಶರಣೆನ್ನಲು ಅವರು ಎರಡು ಸಲ ಶರಣೆಂದರು. ಕೀಳೆಂದು ಜನ ದೂರವಿಟ್ಟ ತನಗೆ ಮಂತ್ರಿಯೊಬ್ಬನು ತಲೆಬಾಗಿದ ಆ ಹೆಚ್ಚಿನ ಶರಣು ಅವನಿಗೆ ತೀರಿಸಲಾಗದ ಋಣವಾಗಿ ತೋರಿತು. ಪತಿಪತ್ನಿಯರು ತಮ್ಮ ತೊಡೆಯ ಚರ್ಮವನ್ನೇ ತೆಗೆದು ಚಮ್ಮಾವುಗೆಗಳನ್ನು ಮಾಡಿ ಬಸವಣ್ಣನವರಿಗೆ ಅರ್ಪಿಸಿದರು. ಅವು ತಾವು ಮೆಟ್ಟುವಂಥವಲ್ಲವೆಂದು ಅವರು ತಲೆಯ ಮೇಲಿರಿಸಿಕೊಂಡು, ಹಿಂದಿರುಗಿಸಿದರಂತೆ. ಇದು ಪುರಾಣದ ಮಾತು. ಆದರೆ ಅಂದಿನ ಸಮಾಜದಲ್ಲಿ ಒಂದು ನಮಸ್ಕಾರದ ಬೆಲೆ ಎಷ್ಟಿತ್ತೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವರಸನೂ ಶರಣರ ಬಳಗವನ್ನು ಸೇರಿದ್ದನು. ಅವನ ಮಗಳು ಲಾವಣ್ಯವತಿಗೂ ಹರಳಯ್ಯನ ಮಗ ಶೀಲವಂತನಿಗೂ ವಿವಾಹವಾಯಿತು. ಶರಣರಿಗೆ ಅದರಲ್ಲಿ ಅಸಹಜವಾದುದೇನೂ ಕಾಣಲಿಲ್ಲ. ಆದರೆ ಕುಲದ ಕಟ್ಟಳೆಯನ್ನೇ ಧರ್ಮವೆಂದು ನಂಬಿದವರು ಕೆರಳಿ ಅರಸನಲ್ಲಿ ದೂರಿಟ್ಟರು. ಇಬ್ಬರು ತಂದೆಯರ ಕಣ್ಣುಗಳನ್ನು ಕೀಳಿಸಿ, ಅವರನ್ನು ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಲಾಯಿತು. ಮಕ್ಕಳ ಮದುವೆಯೇ ಅವರ ಅಪರಾಧ!

ಬಳಿಕ ಕಲ್ಯಾಣದಲ್ಲಿ ರಕ್ತದ ಕೋಡಿ ಹರಿಯಿತು. ಬಿಜ್ಜಳನು ಕೊಲೆಯಾದನು, ಸೈನ್ಯವು ಶರಣರನ್ನು ಬೆನ್ನಟ್ಟಿತು. 1167ರ ಸುಮಾರಿನ ಈ ಹತ್ಯಾಕಾಂಡದಲ್ಲಿ ಮಡಿದವರನ್ನು ಎಣಿಸಿಟ್ಟವರಿಲ್ಲ. ಚನ್ನಬಸವಣ್ಣ, ಅಕ್ಕನಾಗಮ್ಮ, ಮಡಿವಾಳ ಮಾಚಿದೇವ ಮೊದಲಾದವರು ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯ ಕಾಡಿನತ್ತ ನಡೆದರೆಂಬುದು ಪರಂಪರೆಯ ನಂಬಿಕೆ. ಪ್ರಾಣಭಯದಲ್ಲಿ ಓಡುವವನು ಹೊನ್ನನ್ನೋ ಧಾನ್ಯವನ್ನೋ ಹೊರುವುದು ಲೋಕರೂಢಿ. ಇವರು ಓಲೆಗರಿಗಳನ್ನು ಹೊತ್ತರು.

ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿಯೂ, 1369ರಲ್ಲಿ ಭೀಮಕವಿಯು ಕನ್ನಡದಲ್ಲಿಯೂ ರಚಿಸಿದ ಬಸವಪುರಾಣಗಳು ಕಣ್ಣು ಕೀಳಿಸಿದ ಆ ಕ್ರೌರ್ಯವನ್ನು ಮರೆಯಗೊಡಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾರು 60 ಲಕ್ಷ ಯಹೂದ್ಯರ ಕೊಲೆಯಾಯಿತು. ಆ ಸಂಖ್ಯೆ ನಮ್ಮ ಕಲ್ಪನೆಗೆ ನಿಲುಕದು. ಆದರೆ 1945ರಲ್ಲಿ ಸೆರೆಶಿಬಿರದಲ್ಲಿ ಸತ್ತ ಆನ್ ಫ್ರಾಂಕ್ ಎಂಬ ಬಾಲಿಕೆಯ ದಿನಚರಿಯನ್ನು ಓದಿದವರಿಗೆ ಸತ್ತವರಲ್ಲಿ ಒಬ್ಬಳ ಪರಿಚಯವಾಗುತ್ತದೆ. ಹರಳಯ್ಯನಾದರೋ ದಿನಚರಿ ಬರೆದವನಲ್ಲ. ಅವನ ಪರವಾಗಿ ಪರರು ಬರೆದರು. ಹರಿಕಥೆಯವರು, ಜನಪದರು ಹಾಡಿದರು. 1990ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ತಲೆದಂಡ ನಾಟಕದಲ್ಲಿಯೂ ಇದೇ ಮದುವೆ ಕಥೆಯ ನಡುವಿನಲ್ಲಿದೆ. ಅದನ್ನು ಆಡಿದಾಗಲೆಲ್ಲ ಆ ಇಬ್ಬರು ತಂದೆಯರು ರಂಗದ ಮೇಲೆ ಮತ್ತೆ ಬೀಗರಾಗುತ್ತಾರೆ.