ಹರಿಹರದೇವನ ವ್ರತ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳ ಭಕ್ತರು ವಿರೂಪಾಕ್ಷನ ದರ್ಶನಕ್ಕೆಂದು ಹಂಪೆಗೆ ಹೋಗಿಬರುವುದು ತಲತಲಾಂತರದ ವಾಡಿಕೆ. ತುಂಗಭದ್ರೆಯಲ್ಲಿ ಮಿಂದು, ಹಣ್ಣುಕಾಯಿ ಅರ್ಪಿಸಿ ಮರಳುವ ನಮ್ಮಲ್ಲಿ ಎಷ್ಟು ಮಂದಿ ಆ ಸನ್ನಿಧಿಯಲ್ಲಿಯೇ ಬಾಳಿ ಬರೆದ ಹರಿಹರದೇವನನ್ನು ನೆನೆಯುವರೋ ತಿಳಿಯದು. ಅರಸನ ಅಂಕೆಯನ್ನೂ ಪಂಡಿತರ ಅಂಕೆಯನ್ನೂ ಕಳಚಿಕೊಂಡ ಈ ಮಹಾಕವಿಯು ಒಮ್ಮೆ ತಾನೇ ಮತ್ತೊಬ್ಬನಿಗೆ ಅಂಕೆ ಹಾಕಲು ಹೋದ ಪ್ರಸಂಗವೂ ಉಂಟು. ಇವೆರಡನ್ನೂ ಕೂಡಿಸಿ ನೋಡಿದಲ್ಲದೆ ಅವನ ಚರಿತ್ರೆಯು ಪೂರ್ಣವಾಗದು.

ಕ್ರಿ. ಶ. 1200ರ ಸುಮಾರಿನಲ್ಲಿದ್ದ ಹರಿಹರನು, ಪರಂಪರೆಯು ಹೇಳುವಂತೆ, ದೋರಸಮುದ್ರದಲ್ಲಿ ಹೊಯ್ಸಳ ನರಸಿಂಹ ಬಲ್ಲಾಳನ ಕರಣಿಕನಾಗಿದ್ದನು. ಒಂದು ದಿನ ಆಸ್ಥಾನದಲ್ಲಿ ಕುಳಿತಿದ್ದವನು ಇದ್ದಕ್ಕಿದ್ದಂತೆ ಎರಡು ಕೈಗಳನ್ನೂ ಉಜ್ಜತೊಡಗಿದನಂತೆ. ಹಂಪೆಯ ಗುಡಿಯಲ್ಲಿ ದೇವರ ಮುಂದಣ ತೆರೆಗೆ ದೀಪದ ಕಿಡಿ ತಗುಲಿತ್ತು; ಅದನ್ನು ಇಲ್ಲಿಂದಲೇ ನಂದಿಸಿದನೆಂದು ಕಥೆ. ಅರಸನು ವಿಚಾರಿಸಲು ನಿಜವೆಂದು ತಿಳಿದುಬಂದಿತಂತೆ. ಪವಾಡವನ್ನು ನಂಬುವವರು ನಂಬಲಿ. ನನಗೆ ಅದರೊಳಗಿನ ಅರ್ಥವೇ ಸಾಕು. ಮೈ ಅರಸನ ಊಳಿಗದಲ್ಲಿ, ಮನಸ್ಸು ಹಂಪೆಯಲ್ಲಿ ಇದ್ದಿತು. ಈ ಒಡಕನ್ನು ತಾಳಲಾರದೆ ಅವನು ಉದ್ಯೋಗವನ್ನು ತೊರೆದು ಸ್ವಸ್ಥಳಕ್ಕೆ ಮರಳಿದನು. ಅರಸನು ಅವನನ್ನು ಪೀಡಿಸಿದನೆಂದು ಈ ಕಥೆಯಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಗಮನಿಸಬೇಕು. ಒಡೆಯನು ಒಳ್ಳೆಯವನಾಗಿದ್ದರೂ ಒಡೆತನವು ಒಡೆತನವೇ ಎಂಬುದು ಅವನಿಗೆ ಹೊಳೆದಿರಬೇಕು.

ಹಂಪೆಗೆ ಬಂದವನು ಶಿವನನ್ನೂ ಶಿವಶರಣರನ್ನೂ ಅಲ್ಲದೆ ನರರನ್ನು ಸ್ತುತಿಸುವುದಿಲ್ಲವೆಂದು ವ್ರತವನ್ನು ತೊಟ್ಟನು. ಅದು ಸಾಮಾನ್ಯವಾದ ಮಾತಲ್ಲ. ಅದಕ್ಕೆ ಮುಂಚೆ ಪಂಪನು ಅರಿಕೇಸರಿಯನ್ನು ಅರ್ಜುನನಿಗೂ, ರನ್ನನು ಸತ್ಯಾಶ್ರಯನನ್ನು ಭೀಮನಿಗೂ ಹೋಲಿಸಿ ಕಾವ್ಯವನ್ನು ಕಟ್ಟಿದ್ದರು. ಕವಿಯ ಅನ್ನವು ಅರಮನೆಯಿಂದ ಬರುತ್ತಿದ್ದ ಕಾಲ. ಹರಿಹರನು ಅರಮನೆಯ ಬಾಗಿಲನ್ನು ಬಿಟ್ಟುದರಿಂದಲೇ ಕುಂಬಾರ ಗುಂಡಯ್ಯನೂ ಮಾದಾರ ಚೆನ್ನಯ್ಯನೂ ಕನ್ನಡ ಕಾವ್ಯದ ನಾಯಕರಾದರು. ಬಸವಣ್ಣನವರ ಚರಿತ್ರೆಯನ್ನು ಮೊದಲು ಕಾವ್ಯವಾಗಿಸಿದವನೂ ಇವನೇ. ತರುಣ ಬಸವನು ಜನಿವಾರವನ್ನು ಕಳಚಿ ಎಸೆದು ಕೂಡಲಸಂಗಮದ ದಾರಿ ಹಿಡಿಯುವ ಭಾಗದಲ್ಲಿ ಹರಿಹರನ ಲೇಖನಿಗೆ ವಿಶೇಷವಾದ ವೇಗವು ಬರುತ್ತದೆ. ಬರೆಯುವವನು ತಾನೂ ಒಂದು ಕಟ್ಟನ್ನು ಕಳಚಿ ಬಂದವನಲ್ಲವೆ!

ಪಂಡಿತರ ಕಟ್ಟು ಇನ್ನೊಂದು ಬಗೆಯದು. ಕಾವ್ಯವೆಂದರೆ ಚಂಪುವೆಂಬ ಕಾಲದಲ್ಲಿ ಅವನು ಆಡುಮಾತಿಗೆ ಹತ್ತಿರವಾದ ರಗಳೆಯಲ್ಲಿ ಶರಣರ ಕಥೆಗಳನ್ನು ಹೇಳಿದನು. ಚಂಪು ಬಾರದವನೆಂದು ಜನ ಹಂಗಿಸಲು, ಹತ್ತು ಆಶ್ವಾಸಗಳ ಗಿರಿಜಾಕಲ್ಯಾಣವನ್ನು ಬರೆದು ತೋರಿಸಿದನೆಂದು ಪ್ರತೀತಿ. ಆ ಗ್ರಂಥದಲ್ಲಿಯೂ ರಳ, ಕುಳ, ಕ್ಷಳವೆಂಬ ಳಕಾರಭೇದದ ನಿಯಮವನ್ನು ತಾನು ಲೆಕ್ಕಿಸುವುದಿಲ್ಲವೆಂದು ಸಾರಿದನು. ಜನರ ಬಾಯಲ್ಲಿ ಅಳಿದುಹೋಗುತ್ತಿದ್ದ ಭೇದವನ್ನು ಓಲೆಯ ಮೇಲೆ ಏಕೆ ಕಾಯಬೇಕು? ಮುಂದೆ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳದ ಪದಗಳನ್ನು ಮತ್ತೆ ಪಟ್ಟಿ ಮಾಡಿದನು. ಆ ಪಟ್ಟಿಯನ್ನು ಒಪ್ಪಿಸಲಾರದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಪಾಪವು ನನಗೂ ಇದೆ. ಮರುದಿನವೇ ಹರಿಹರನ ಪಾಠವನ್ನು ಹೇಳುವಾಗ ಅವರ ಮುಖವನ್ನು ನೋಡಲು ಸಂಕೋಚವಾಗುತ್ತಿತ್ತು.

ಇನ್ನು ರಾಘವಾಂಕನ ಪ್ರಸಂಗ. ಹರಿಹರನ ತಂಗಿ ರುದ್ರಾಣಿಯ ಮಗನಾದ ರಾಘವಾಂಕನು ಸೋದರಮಾವನ ಶಿಷ್ಯನೂ ಆಗಿದ್ದನು. ಅವನು ಹರಿಶ್ಚಂದ್ರ ಕಾವ್ಯವನ್ನು ರಚಿಸಿ ತಂದಾಗ, ಹರಿಶ್ಚಂದ್ರನು ಎಷ್ಟು ಸತ್ಯವಂತನಾದರೂ ನರನೇ ಅಲ್ಲವೆ ಎಂದು ಗುರುವು ಕಿಡಿಕಿಡಿಯಾದನಂತೆ. ಪಾದರಕ್ಷೆಯಿಂದ ಹೊಡೆದನೆಂದೂ, ಶಿಷ್ಯನ ಹಲ್ಲುಗಳು ಉದುರಿದವೆಂದೂ, ಶಿವಭಕ್ತರ ಚರಿತ್ರೆಗಳನ್ನು ಬರೆದಾಗ ಅವು ಮರಳಿ ಬಂದವೆಂದೂ ಕಥೆಯು ಮುಂದುವರಿಯುತ್ತದೆ.

ಈ ಕಥೆಯನ್ನು ನಮ್ಮಲ್ಲಿ ಅನೇಕರು ಗುರುಭಕ್ತಿಯ ನಿದರ್ಶನವಾಗಿ ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ನರರನ್ನು ಹಾಡೆನೆಂಬುದು ಹರಿಹರನು ತನಗೆ ತಾನೇ ಇಟ್ಟುಕೊಂಡ ಕಟ್ಟು. ತನಗೆ ತಾನು ಕಟ್ಟಿಕೊಂಡುದು ವ್ರತ. ಅದನ್ನೇ ಇನ್ನೊಬ್ಬನ ಕೊರಳಿಗೆ ಬಿಗಿದರೆ ಅದು ಆಜ್ಞೆಯಾಗುತ್ತದೆ. ನರಸಿಂಹ ಬಲ್ಲಾಳನು ತನ್ನ ಕರಣಿಕನನ್ನು ಹೊಡೆದನೆಂದು ಕಥೆಯಿಲ್ಲ. ಹೊಡೆದನೆಂಬ ಕಥೆಯಿರುವುದು ಅರಸನನ್ನು ಬಿಟ್ಟುಬಂದ ಕವಿಯ ಮೇಲೆ. ದಂಡವು ಸಿಂಹಾಸನದಲ್ಲಿ ಮಾತ್ರ ಇರುವುದಿಲ್ಲ. ಮನೆಯ ಯಜಮಾನನ ಕೈಯಲ್ಲಿ, ಮಠದ ಹಿರಿಯನ ಕೈಯಲ್ಲಿ, ನನ್ನಂಥ ಉಪಾಧ್ಯಾಯನ ಕೈಯಲ್ಲಿಯೂ ಇರುತ್ತದೆ. ಮಗನಿಗೆ ಒಪ್ಪದ ವಿದ್ಯೆಯನ್ನೂ ಮಗಳಿಗೆ ಒಪ್ಪದ ವರನನ್ನೂ ಕುಲಾಚಾರದ ಹೆಸರಿನಲ್ಲಿ ಗಂಟು ಹಾಕುವ ಗೃಹಸ್ಥರು ಈ ಕಥೆಯನ್ನು ಇನ್ನೊಮ್ಮೆ ಕೇಳಬೇಕು.

ರಾಘವಾಂಕನ ನಡತೆಯಾದರೋ ನೋಡತಕ್ಕದ್ದು. ಅವನು ಗುರುವನ್ನು ಜರೆಯಲಿಲ್ಲ. ಸೋಮನಾಥ ಚಾರಿತ್ರ, ಸಿದ್ಧರಾಮ ಚಾರಿತ್ರಗಳನ್ನು ಬರೆದು ಗುರುವಿನ ದಾರಿಯಲ್ಲಿಯೂ ನಡೆದನು. ಆದರೂ ರಗಳೆಯ ಗುರುವಿಗೆ ಷಟ್ಪದಿಯ ಶಿಷ್ಯನಾದನು. ಛಂದಸ್ಸಿನಲ್ಲಿ ತನ್ನ ದಾರಿಯನ್ನು ತಾನೇ ಹುಡುಕಿಕೊಂಡನು. ಹರಿಶ್ಚಂದ್ರ ಕಾವ್ಯವನ್ನಂತೂ ಅವನು ಸುಡಲಿಲ್ಲ, ಹರಿಯಲಿಲ್ಲ. ಸತ್ಯವೂ ಹರನೂ ಬೇರೆಯಲ್ಲವೆಂಬುದೇ ಆ ಕಾವ್ಯದ ತಿರುಳಾಗಿರುವಾಗ ಅವನು ಕ್ಷಮೆ ಕೇಳುವುದಾದರೂ ಏತಕ್ಕೆ? ಅವನ ಹೆಸರಿನಲ್ಲಿ ಹೇಳುವ ಹರಿಹರ ಮಹತ್ವ, ಶರಭ ಚಾರಿತ್ರಗಳು ಇಂದು ದೊರೆಯವು. ಹರಿಶ್ಚಂದ್ರ ಕಾವ್ಯವು ಉಳಿದಿದೆ. ಗಮಕಿಗಳು ಅದನ್ನು ಈಗಲೂ ವಾಚಿಸುತ್ತಾರೆ. ಚಂದ್ರಮತಿಯು ಮಗನ ಶವವನ್ನು ಹೊತ್ತು ಸುಡುಗಾಡಿಗೆ ಬರುವ ಭಾಗವನ್ನು ಕೇಳುತ್ತ ಕುಳಿತವರು, ಹರಿಶ್ಚಂದ್ರನು ನರನೋ ಅಲ್ಲವೋ ಎಂದು ಕೇಳಿದ್ದನ್ನು ನಾನು ಕಂಡಿಲ್ಲ.